ಬರೆಸಿದರೆ ಬಲ ಬರುತ್ತದೆಯೇ?

ಬರೆದಷ್ಟೂ ಕೈ ಪಳಗುತ್ತದೆ ಎಂಬ ಮಾತನ್ನು ನಮ್ಮ ಶಾಲೆಗಳಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಕಾಪಿ ರೈಟಿಂಗು, ಹೋಂವರ್ಕು, ತಪ್ಪಾದರೆ ‘ಹತ್ತು ಸಲ ಬರಿ’ ಎಂಬ ಶಿಕ್ಷೆ, ಎಲ್ಲದರ ಬುಡದಲ್ಲಿರುವುದೂ ಈ ನಂಬಿಕೆಯೇ. ಬಹುಪಾಲು ಮಕ್ಕಳ ಮಟ್ಟಿಗೆ ಅದು ನಿಜ ಕೂಡ. ಆದರೆ ನರ-ಸ್ನಾಯುಗಳ ಕಾಯಿಲೆಯಿಂದ ಕೈ ಸೋತ ಮಗುವಿಗೂ ಅದನ್ನೇ ಹೇರುವುದು ವ್ಯರ್ಥವಷ್ಟೇ ಅಲ್ಲ, ಹಾನಿಕರ ಎಂದು ನಾನು ವಾದಿಸುತ್ತೇನೆ. ಆ ಕೈಗೆ ಬಲ ಬರಿಸುವ ಹಟವನ್ನು ಶಾಲೆ ಬಿಡಬೇಕು. ಇರುವ ಬಲವನ್ನು ಯಾವುದಕ್ಕೆ ಖರ್ಚು ಮಾಡುವುದು ಎಂದು ಮಗುವಿನ ಜೊತೆ ಕೂತು ಯೋಚಿಸಬೇಕು.

ಡುಷೆನ್ ಮಸ್ಕ್ಯುಲರ್ ಡಿಸ್ಟ್ರಫಿಯನ್ನೇ ನೋಡಿ. ಬಹುತೇಕ ಗಂಡುಮಕ್ಕಳನ್ನೇ ಬಾಧಿಸುವ ಈ ವಂಶವಾಹಿ ಕಾಯಿಲೆಯಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆಯಿಂದ ಸ್ನಾಯುವಿನ ಎಳೆಗಳು ಬಳಸಿದಂತೆಲ್ಲ ಘಾಸಿಗೊಳ್ಳುತ್ತವೆ, ಕ್ರಮೇಣ ಆ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತದೆ. ಭಾರ ಹಾಕಿ ಬಲ ಹೆಚ್ಚಿಸುವ ವ್ಯಾಯಾಮ ಇಂಥ ಸ್ನಾಯುವಿಗೆ ಸಲ್ಲದೆಂದು ವೈದ್ಯರು ಹೇಳುವುದು ಇದಕ್ಕೇ. ಆದರೂ ಸ್ಮೈಲಿ ಬಾಲ್ ಕೊಟ್ಟು ‘ದಿನಾ ಹಿಂಡು’ ಎನ್ನುವ ಹಿತೈಷಿಗಳಿಗೆ ಬರವಿಲ್ಲ.

ಈ ಕಾಯಿಲೆಯಲ್ಲಿ ಮೊದಲು ಸೋಲುವುದು ಭುಜ, ಬೆರಳಿನ ಸರದಿ ಬಹಳ ತಡ. ಏಳನೇ ತರಗತಿಯ ಹುಡುಗ ಎಡಗೈಯಿಂದ ಬಲಮಣಿಕಟ್ಟನ್ನು ಎತ್ತಿ ಡೆಸ್ಕಿನ ಮೇಲಿಡುತ್ತಾನೆ, ಸಾಲು ಮುಗಿದರೆ ಕೈ ಜರುಗಿಸಲು ಮೈಯನ್ನೇ ಓಲಿಸುತ್ತಾನೆ. ಬೆರಳು ನೆಟ್ಟಗಿರುವುದರಿಂದ ಮೊದಲ ಅರ್ಧ ಪುಟದ ಅಕ್ಷರ ಮಾತ್ರ ಮುತ್ತಿನಂತಿರುತ್ತದೆ. ಮೇಷ್ಟ್ರ ಕಣ್ಣಿಗೆ ಬೀಳುವುದು ಆ ಅರ್ಧ ಪುಟವೇ. ‘ಇಷ್ಟು ಚೆನ್ನಾಗಿ ಬರೀತೀಯ, ಮಿಕ್ಕಿದ್ದಕ್ಕೆ ಏನೋ ಸೋಮಾರಿತನ?’ ಎಂಬ ಬೈಗುಳ ಹುಟ್ಟುವುದು ಹೀಗೆ.

ಷಾರ್ಕೋ-ಮಾರೀ-ಟೂತ್ ಎಂಬ ನರದ ಕಾಯಿಲೆಯಲ್ಲಿ ಎಲ್ಲ ತಿರುಗುಮುರುಗು. ಪಾದದಿಂದ ಶುರುವಾಗಿ ಕೈಯ ತುದಿಗೆ ಬರುತ್ತದೆ, ಹೆಬ್ಬೆರಳ ಬುಡ ಸೊರಗುತ್ತದೆ. ಚೆಂಡು ಎಸೆಯಬಲ್ಲ ಹುಡುಗಿಗೆ ಅಂಗಿಯ ಗುಂಡಿ ಹಾಕಲಾಗದು. ಚಳಿಗಾಲದ ಬೆಳಿಗ್ಗೆ ಬೆರಳು ಇನ್ನಷ್ಟು ಮೊಂಡು. ಮೊದಲಿನ ಹುಡುಗನಿಗೆ ಮೊಣಕೈ ಊರಲು ತಕ್ಕ ಎತ್ತರದ ಮೇಜು ಬೇಕು, ಮೊಬೈಲಿನ ಪುಟ್ಟ ಕೀಲಿಮಣೆ ಅವನಿಗೆ ಸಲೀಸು. ಈಕೆಗೆ ಬೇಕಾದದ್ದು ಒತ್ತದಿದ್ದರೂ ಶಾಯಿ ಹರಿಯುವ ದಪ್ಪ ಹಿಡಿಯ ಪೆನ್ನು. ಜೊತೆಗೆ ನೀರಿನ ಬಾಟಲಿಯ ಮುಚ್ಚಳ ಸಡಿಲಿಸಿಕೊಡುವ ಒಬ್ಬರು. ಮುಚ್ಚಳ ತೆಗೆಯಲಾಗದೆ ಮಧ್ಯಾಹ್ನದವರೆಗೂ ಬಾಯಾರಿ ಕೂರುವ ಮಗುವಿನ ಕಷ್ಟ ಯಾವ ಪ್ರೋಗ್ರೆಸ್ ಕಾರ್ಡಿನಲ್ಲೂ ದಾಖಲಾಗುವುದಿಲ್ಲ.

ಹಾಗಾದರೆ ಬರವಣಿಗೆಯನ್ನೇ ಬಿಡಿಸಿಬಿಡುವುದೇ? ಈ ಆಕ್ಷೇಪ ಹಗುರವಾದದ್ದಲ್ಲ. ಬಳಸದ ಕೈಯ ಕೀಲುಗಳು ಬಿಗಿಯುತ್ತವೆ. ಅಕ್ಷರವನ್ನು ಕೈಯಾರೆ ತಿದ್ದುವುದರಲ್ಲಿ ಕಲಿಕೆಯೂ ಇದೆ, ಸುಖವೂ ಇದೆ. ಬಿಡಿಸಿ ಎಂದು ನಾನು ಹೇಳುತ್ತಲೂ ಇಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕೀಲುಗಳನ್ನು ಮೆಲ್ಲಗೆ ಎಳೆದು ಆಡಿಸುವುದು, ಚಿತ್ರ ಬರೆಯುವುದು, ಗಣಿತದ ನಾಲ್ಕು ಹಂತ ಕೈಯಲ್ಲೇ ಮಾಡುವುದು, ಇವೆಲ್ಲ ಇರಲಿ. ಬೋರ್ಡಿನ ಮೇಲಿನ ಪ್ರಶ್ನೆಯನ್ನು ನಕಲು ಮಾಡುವುದು ಮಾತ್ರ ಹೋಗಲಿ. ಅದರಲ್ಲಿ ಕಲಿಯುವುದೇನೂ ಇಲ್ಲ, ಜೆರಾಕ್ಸ್ ಸಾಕು. ಉತ್ತರ ಬರೆಯಬೇಕಾದ ಕಸುವು ಪ್ರಶ್ನೆ ಬರೆಯುವುದರಲ್ಲೇ ಸೋರಿಹೋಗುವುದನ್ನು ಶಿಸ್ತು ಎಂದು ಕರೆಯಲು ನಾನು ಸಿದ್ಧನಿಲ್ಲ.

ಉದಾರಿಗಳ ಒಪ್ಪಿತ ಅಭಿಪ್ರಾಯ ಇನ್ನೊಂದಿದೆ: ಸ್ಕ್ರೈಬ್, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವವರನ್ನು ಕೊಟ್ಟರೆ, ಹೆಚ್ಚುವರಿ ಸಮಯ ಕೊಟ್ಟರೆ ಮುಗಿಯಿತು. ಇವು ಹೋರಾಡಿ ಗಳಿಸಿದ ಹಕ್ಕುಗಳು, ಅಲ್ಲಗಳೆಯಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರಫಿಯೂ ಒಂದು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಕ್ರೈಬ್ ಪಡೆಯಲು ಶೇ. 40ರ ವೈಕಲ್ಯ ಇರಲೇಬೇಕಿಲ್ಲ ಎಂದಿತು. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಟ್ಟಿತು. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯದಾಗುತ್ತದೆ. ನಿಧಾನವಾಗಿ ಬರೆಯುವ ಕೈಗೆ ಇದು ನ್ಯಾಯ. ಎರಡನೇ ಗಂಟೆಗೇ ದಣಿದ ಕೈಗೆ ನಾಲ್ಕನೇ ಗಂಟೆ ಏನು ಮಾಡೀತು? ಅದಕ್ಕೆ ಬೇಕಾದದ್ದು ನಡುನಡುವೆ ಬಿಡುವು, ಬರೆಯುವ ಹೊರೆಯಲ್ಲಿ ಕಡಿತ.

ಸ್ಕ್ರೈಬ್ ವಿಷಯದಲ್ಲೂ ಹೀಗೇ. ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್ ಒಂದು ಹಂತ ಕೆಳಗೆ ಓದಿದವರಾಗಿರಬೇಕೆಂದು ಅದೇ ಮಾರ್ಗಸೂಚಿ ಹೇಳಿತ್ತು. ಬೀಜಗಣಿತದ ಸಮೀಕರಣವನ್ನು, ವೃತ್ತಕ್ಕೆ ಸ್ಪರ್ಶಕ ಎಳೆಯುವ ಬಗೆಯನ್ನು ಅಂಥವರಿಗೆ ಬಾಯಲ್ಲಿ ಹೇಳಿ ಬರೆಸುವುದು ಒಂದು ಕೌಶಲ. ಹತ್ತು ವರ್ಷ ‘ನೀನೇ ಬರಿ’ ಎಂದು ಗದರಿ, ಎಸ್ಸೆಸ್ಸೆಲ್ಸಿಯ ಬೆಳಿಗ್ಗೆ ಅಪರಿಚಿತರೊಬ್ಬರನ್ನು ಪಕ್ಕದಲ್ಲಿ ಕೂರಿಸಿದರೆ ಅದು ಬರುವುದೆಲ್ಲಿಂದ? ಇದನ್ನು ಸೌಲಭ್ಯ ಎನ್ನುವುದು ಕಾಗದದ ಮಟ್ಟಿಗೆ ಸರಿ.

ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ ಇಷ್ಟೇ. ಸ್ಕ್ರೈಬ್ ಕೋರುವ ಅರ್ಜಿಯನ್ನು ಹತ್ತನೇ ತರಗತಿಯವರೆಗೆ ಕಾಯಿಸಬೇಡಿ. ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲೇ ಹೇಳಿ ಬರೆಸುವುದನ್ನು ರೂಢಿ ಮಾಡಿಸಿ. ಯಾವ ಉತ್ತರ ತಾನೇ ಬರೆಯುತ್ತೇನೆ, ಯಾವುದನ್ನು ಬರೆಸುತ್ತೇನೆ ಎಂಬುದನ್ನು ಮಗುವೇ ತೀರ್ಮಾನಿಸಲಿ.