ಒಂದರ ಕೆಳಗಿನ ತಾಲ್ಲೂಕುಗಳು

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ವರದಿಯ ಕೋಷ್ಟಕಗಳನ್ನು ನಾನು ಕಾದಂಬರಿಯಂತೆ ಓದುತ್ತೇನೆ. ನೀತಿ ಸಂಶೋಧನೆಗೆ ಇಂಟರ್ನ್ ಆಗಿ ಬರುವವರಿಗೂ ಮೊದಲು ಅದನ್ನೇ ಕೊಡಬೇಕು. ನೀರಾವರಿ, ಬ್ಯಾಂಕ್ ಶಾಖೆ, ವೈದ್ಯರು, ಶಾಲೆ ಬಿಟ್ಟ ಮಕ್ಕಳು ಹೀಗೆ 35 ಸೂಚಕಗಳು. ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು ಪ್ರತಿ ತಾಲ್ಲೂಕನ್ನೂ ಅದರ ಪಕ್ಕದಲ್ಲಿ ನಿಲ್ಲಿಸಿದರು. ಒಂದಕ್ಕಿಂತ ಕೆಳಗುಳಿದವು 114. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ.

ಅಲ್ಲಿಯವರೆಗೆ ನಮ್ಮ ಕಡೆಯ ಬಡತನ ಬರೀ ಗೋಳಾಗಿತ್ತು. ದಶಮಾಂಶ ಸಿಕ್ಕ ಮೇಲೆ ಅದು ವಾದವಾಯಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಕೇಳುವಷ್ಟು ಗಟ್ಟಿ ವಾದ. ಇದಕ್ಕಿಂತ ಉಪಯುಕ್ತವಾದ ಕುಸುರಿ ಕೆಲಸ ನನಗೆ ಗೊತ್ತಿಲ್ಲ.

ನೀತಿ ಸಂಶೋಧನೆಯ ಈ ಕಸುಬಿನ ಸೊಗಸು ಇರುವುದು ಅಂಕಿ ಹುಟ್ಟುವ ಜಾಗದಲ್ಲಿ. ಜೇವರ್ಗಿಯ ಕಟ್ಟೆಯ ಮೇಲೆ ಕೂತ ರೈತನನ್ನು ‘ಹೊಲ ಎಷ್ಟದ ರೀ ಯಜಮಾನ್ರ?’ ಎಂದು ಕೇಳಿದರೆ ‘ಎರಡು ಕೂರಿಗಿ’ ಅಂದಾನು. ಅದನ್ನು ಸುಮಾರು ಎಂಟು ಎಕರೆ ಎಂದು ಬರೆದುಕೊಳ್ಳಬೇಕು. ಖುಷ್ಕಿಯೋ ನೀರಾವರಿಯೋ ಎಂದು ಮತ್ತೆ ಕೇಳಬೇಕು. ಅಫಜಲಪುರದಲ್ಲಂತೂ ಭೀಮಾ ದಂಡೆಯಲ್ಲಿ ಕಬ್ಬು, ದೂರದ ಎರೆಯಲ್ಲಿ ಮಳೆ ನಂಬಿದ ತೊಗರಿ. ತಾಲ್ಲೂಕಿನ ಸರಾಸರಿ ಎರಡನ್ನೂ ಒಂದೇ ಸಾಲಿನಲ್ಲಿ ಮುಚ್ಚಿಬಿಡುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸರಾಸರಿಯ ಆ ಸಾಲನ್ನು ಊರೂರಾಗಿ ಬಿಡಿಸುವ ಕೆಲಸಕ್ಕೆ ಅಲ್ಲಿನ ಹುಡುಗ ಹುಡುಗಿಯರು ದೂರ ಹೋಗಬೇಕಿಲ್ಲ.