ಹದಿಹರೆಯದ ಓದುಗಾರ್ತಿಯ ತಕರಾರುಗಳು

ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸಿತೆಂಬುದು ಗಡಿನಾಡಿನ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಅದೇ ಗ್ರಂಥವು ಈ ನಾಡಿನ ಜನರ ಜಾಣ್ಮೆಯನ್ನು ಬಣ್ಣಿಸುವಾಗ ಸಣ್ಣ ಮಕ್ಕಳನ್ನೂ ಬಿಟ್ಟಿಲ್ಲ. ಅವರೂ ವಿವೇಕವನ್ನು ತಿಳಿಯಹೇಳಬಲ್ಲರೆಂದಿದೆ. ಮೊದಲನೆಯ ಮಾತನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ, ಎರಡನೆಯದನ್ನು ಅಷ್ಟಾಗಿ ನೆನೆಯುವುದಿಲ್ಲ. ಸಾಹಿತ್ಯದ ಸಂದರ್ಭ ಬಂದಾಗ ಮಕ್ಕಳಿಂದ ನಾಡಗೀತೆ ಹಾಡಿಸುತ್ತೇವೆ, ಪದ್ಯಗಳನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತೇವೆ, ಬಹುಮಾನ ಹಂಚುತ್ತೇವೆ. ಓದಿದ ಪುಸ್ತಕದ ಬಗ್ಗೆ ಅವರ ತೀರ್ಪೇನೆಂದು ಕೇಳುವುದು ಮಾತ್ರ ಅಪರೂಪ.

ಅಂಥ ತೀರ್ಪುಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಾಸರಗೋಡಿನ ಕನ್ನಡ ಮನೆಯೊಂದರ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ತಾನು ಓದಿದ ಕಾದಂಬರಿಗಳ ಕುರಿತು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ನಮಗೆ ಓದಲು ಕೊಟ್ಟಿದ್ದಳು. ಅದರಲ್ಲಿರುವ ಬಹುಪಾಲು ಕೃತಿಗಳು ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂದು ಕರೆಯಲ್ಪಡುವ, ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳು. ಅವುಗಳಲ್ಲಿ ಎರಡು ಬಗೆ. ಮಂತ್ರ, ಮಾಯೆ, ವಿಚಿತ್ರ ಪ್ರಾಣಿಗಳಿಂದ ಕೂಡಿದ ಕಲ್ಪನಾಲೋಕದ ಕಥೆ ಒಂದು. ಇದನ್ನು ಫ್ಯಾಂಟಸಿ ಎನ್ನುತ್ತಾರೆ. ಮುಂದೊಂದು ಕಾಲದಲ್ಲಿ ಕೆಟ್ಟುಹೋದ ರಾಜ್ಯವ್ಯವಸ್ಥೆಯೊಂದನ್ನು ಕಲ್ಪಿಸಿ, ಅದರೊಳಗೆ ಸಿಕ್ಕಿಬಿದ್ದ ಎಳೆಯರ ಪಾಡನ್ನು ಹೇಳುವುದು ಇನ್ನೊಂದು, ಇದು ಡಿಸ್ಟೋಪಿಯ. ನಮ್ಮ ಮನೆಗಳ ಮಕ್ಕಳು ಇಂದು ಬಾಗಿಲು ಮುಚ್ಚಿಕೊಂಡು ಓದುವ ದಪ್ಪ ಪುಸ್ತಕಗಳು ಹೆಚ್ಚಾಗಿ ಇವೇ.

ಎಳೆಯರ ತೀರ್ಪನ್ನು ಪ್ರಕಾಶಕರು ಹಿಂದೆಯೇ ಗಂಭೀರವಾಗಿ ಪರಿಗಣಿಸಿದ್ದಾರೆ. 1936ರಲ್ಲಿ ಟೋಲ್ಕಿನ್ ಅವರ ‘ದಿ ಹಾಬಿಟ್’ ಹಸ್ತಪ್ರತಿಯು ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಕೈಸೇರಿದಾಗ, ಅವರು ಅದನ್ನು ಹತ್ತು ವರ್ಷದ ಮಗ ರೇನರನಿಗೆ ಕೊಟ್ಟರು. ಹುಡುಗನು ಒಂದು ಶಿಲ್ಲಿಂಗ್ ಸಂಭಾವನೆ ಪಡೆದು ಪುಟ್ಟ ವರದಿಯೊಂದನ್ನು ಬರೆದು, ಇದು ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸೀತೆಂದು ಹತ್ತು ವರ್ಷದವನ ಹಿರಿತನದಿಂದ ತೀರ್ಪಿತ್ತನು. ಮರುವರ್ಷ ಪುಸ್ತಕ ಹೊರಬಂತು. ಅರುವತ್ತು ವರ್ಷಗಳ ಬಳಿಕ ‘ಹ್ಯಾರಿ ಪಾಟರ್’ ಮಾಲೆಯ ಮೊದಲ ಕಂತನ್ನು ಬ್ಲೂಮ್ಸ್‌ಬರಿ ಸಂಸ್ಥೆಯ ನೈಜೆಲ್ ನ್ಯೂಟನ್ ಅವರ ಎಂಟು ವರ್ಷದ ಮಗಳು ಆಲಿಸ್ ಓದಿ, ಮುಂದಿನ ಪುಟಗಳಿಗಾಗಿ ತಂದೆಯನ್ನು ಪೀಡಿಸಿದಳು. ಎರಡೂ ಸಂದರ್ಭಗಳಲ್ಲಿ ಹಿರಿಯರು ಮಾಡಿದ ಜಾಣತನವೆಂದರೆ ಕೇಳಿದ್ದು, ಕೇಳಿದ ಮೇಲೆ ಉತ್ತರವನ್ನು ನಂಬಿದ್ದು.

ಇನ್ನು ನಮ್ಮ ಓದುಗಾರ್ತಿಯ ಕಡೆಗೆ ಬರೋಣ. ‘ಹ್ಯಾರಿ ಪಾಟರ್’ ಕಾದಂಬರಿಗಳನ್ನು (1997–2007) ಆಕೆ ಮೆಚ್ಚಿದ್ದಾಳೆ. ಆದರೂ ಒಂದು ತಕರಾರನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಮೂರನೆಯ ಪುಸ್ತಕದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಉಪಕರಣವೊಂದು ಬರುತ್ತದೆ; ಅದರಿಂದ ಸಾವಿನ ದವಡೆಯಲ್ಲಿದ್ದವರು ಪಾರಾಗುತ್ತಾರೆ. ಹಾಗಿದ್ದರೆ ನಾಲ್ಕನೆಯ ಪುಸ್ತಕದಲ್ಲಿ ನಿರಪರಾಧಿ ಹುಡುಗ ಸೆಡ್ರಿಕ್ ಸತ್ತಾಗ ಅದನ್ನು ಯಾರೂ ನೆನೆಯಲಿಲ್ಲವೇಕೆ? ಐದನೆಯ ಪುಸ್ತಕದಲ್ಲಿ ಆ ಉಪಕರಣಗಳ ಸಂಗ್ರಹವೇ ಒಡೆದುಹೋಗುವಂತೆ ಮಾಡಿದ್ದು ಲೇಖಕಿ ತಡವಾಗಿ ಹಾಕಿದ ಬೀಗ ಎಂಬುದು ಆಕೆಯ ವಾದ. ಮಂತ್ರವಿರಲಿ, ಆದರೆ ಮಂತ್ರಕ್ಕೂ ಒಂದು ಲೆಕ್ಕವಿರಬೇಕು ಎಂದು ಆಕೆ ಬರೆದಿದ್ದಾಳೆ. ನಮ್ಮ ಪ್ರಾಚೀನ ಮೀಮಾಂಸಕರು ಔಚಿತ್ಯವೆಂದು ಕರೆದ ತತ್ತ್ವಕ್ಕೆ ಇದು ಬಹಳ ಹತ್ತಿರದ ಮಾತು. ಕ್ಷೇಮೇಂದ್ರನನ್ನು ಓದದ ಬಾಲಿಕೆ ಕಥೆಯನ್ನು ಓದಿಯೇ ಅಲ್ಲಿಗೆ ತಲುಪಿದ್ದಾಳೆ. ಕಲ್ಪನಾಲೋಕದ ಮೊದಲ ನಿಯಮ ಇದೇ: ನಮ್ಮ ಲೋಕದ ಕಟ್ಟಳೆಯನ್ನು ಅದು ಮೀರಬಹುದು, ತಾನೇ ಹಾಕಿಕೊಂಡ ಕಟ್ಟಳೆಯನ್ನು ಮೀರುವಂತಿಲ್ಲ.

ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯ ಮೇಲಿನ ಟಿಪ್ಪಣಿ ಎಲ್ಲಕ್ಕಿಂತ ದೀರ್ಘವಾದುದು. ಉತ್ತರ ಅಮೆರಿಕದ ಅವಶೇಷಗಳ ಮೇಲೆ ನಿಂತ ಪನೆಮ್ ಎಂಬ ರಾಜ್ಯ. ವೈಭವದಲ್ಲಿ ಮೆರೆಯುವ ರಾಜಧಾನಿ. ಅದಕ್ಕೆ ದುಡಿದು ಸಾಕುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿವರ್ಷ ಪ್ರತಿ ಜಿಲ್ಲೆಯೂ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿಯೆತ್ತಿ ಕಳುಹಿಸಬೇಕು. ಆ 24 ಮಂದಿ ಒಬ್ಬರನ್ನೊಬ್ಬರು ಕೊಲ್ಲುತ್ತ ಒಬ್ಬರು ಉಳಿಯುವವರೆಗಿನ ಹೋರಾಟವನ್ನು ರಾಜ್ಯವೆಲ್ಲ ದೂರದರ್ಶನದಲ್ಲಿ ನೋಡಬೇಕು. ತಂಗಿಯ ಹೆಸರು ಬಂದಾಗ ಆಕೆಯ ಬದಲು ತಾನು ಹೊರಡುವ ಕ್ಯಾಟ್ನಿಸ್ ಈ ಕಥೆಯ ನಾಯಕಿ.

ಓದುವಾಗ ನಮಗೆ ಏಕಚಕ್ರನಗರದ ಬಕಾಸುರನ ನೆನಪಾಯಿತು. ಅಲ್ಲಿಯೂ ಮನೆಮನೆಗೆ ಸರದಿ, ಅಲ್ಲಿಯೂ ಒಬ್ಬರ ಬದಲು ಇನ್ನೊಬ್ಬರು ಹೊರಡುತ್ತೇವೆನ್ನುವ ಕುಟುಂಬ, ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ಕೊಲ್ಲುತ್ತೇನೆನ್ನುವ ಪುಟ್ಟ ಬಾಲಕ. ಗ್ರೀಕರ ಥೀಸಿಯಸ್ ಕಥೆ ತಮಗೆ ಪ್ರೇರಣೆಯೆಂದು ಲೇಖಕಿ ಹೇಳಿದ್ದಾರೆ. ಅದೂ ಎಳೆಯರ ಬಲಿಯ ಕಥೆಯೇ. ಈ ಹೋಲಿಕೆಯನ್ನು ಹೇಳಿದಾಗ ಬಾಲಿಕೆ ಅರ್ಧ ಒಪ್ಪಿದಳು. ‘ಬಕಾಸುರನಿಗೆ ಹಸಿವಿತ್ತು ಮಾಷ್ಟ್ರಜ್ಜ, ಇವರಿಗೆ ಹೊಟ್ಟೆ ತುಂಬಿದೆ’ ಎಂದಳು. ಇದಕ್ಕಿಂತ ಚೆನ್ನಾಗಿ ಆ ಕಾದಂಬರಿಯ ತಿರುಳನ್ನು ಹೇಳುವುದು ಕಷ್ಟ.

ಆಕೆ ಗುರುತಿಸಿದ ಇನ್ನೊಂದು ಅಂಶವೂ ಮಹತ್ತ್ವದ್ದು. ಚೀಟಿಯೆತ್ತುವುದು ಎಲ್ಲರಿಗೂ ಸಮಾನವೆಂದು ರಾಜ್ಯ ಹೇಳಿಕೊಳ್ಳುತ್ತದೆ. ಆದರೆ ಬಡ ಮನೆಯ ಮಕ್ಕಳು ಒಂದಿಷ್ಟು ಧಾನ್ಯ ಹಾಗೂ ಎಣ್ಣೆಗಾಗಿ ತಮ್ಮ ಹೆಸರಿನ ಹೆಚ್ಚುವರಿ ಚೀಟಿ ಹಾಕಿಸಬಹುದು. ಆ ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ಹಾಗಾಗಿ ಕ್ಯಾಟ್ನಿಸಳ ಹೆಸರಿನ ಚೀಟಿಗಳು 20, ಆಕೆಯ ಗೆಳೆಯ ಗೇಲನವು 42. ಉಳ್ಳವರ ಮಕ್ಕಳವು ಬೆರಳೆಣಿಕೆ. ಕಾನೂನು ಬದಲಾಗದೆಯೇ ಹಸಿವು ಹೇಗೆ ಮೃತ್ಯುವಿನ ಪಾಲನ್ನು ಬಡವರ ಕಡೆಗೆ ವಾಲಿಸುತ್ತದೆಂಬುದನ್ನು ಹದಿನೈದರ ಹುಡುಗಿ ಎರಡು ಅಂಕಣಗಳ ಲೆಕ್ಕ ಬರೆದು ತೋರಿಸಿದ್ದಾಳೆ. ರೇಷನ್ ಸಾಲಿನಲ್ಲಿ ನಿಂತ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಪುಸ್ತಕಗಳು ಮಕ್ಕಳನ್ನು ನಿಜಜೀವನದಿಂದ ದೂರ ಒಯ್ಯುತ್ತವೆಂಬ ಆಕ್ಷೇಪಕ್ಕೆ ಈ ಒಂದು ಪುಟವೇ ಉತ್ತರ.

ಆದರೆ ಮೂರನೆಯ ಭಾಗ ‘ಮಾಕಿಂಗ್‌ಜೇ’ (2010) ಕುರಿತ ಆಕೆಯ ಖಂಡನೆಯನ್ನು ನಾವು ಒಪ್ಪಲಾರೆವು. ನಾಯಕಿ ಅಳುತ್ತಾಳೆ, ಅಡಗುತ್ತಾಳೆ, ಔಷಧಿಯ ಮಂಪರಿನಲ್ಲಿ ಮಲಗುತ್ತಾಳೆ, ಹೋರಾಟಗಾರ್ತಿ ಎಲ್ಲಿ ಹೋದಳು ಎಂಬುದು ಆಕೆಯ ದೂರು. ಯುದ್ಧವು ಗೆದ್ದವರನ್ನೂ ಮುರಿಯುತ್ತದೆ. ಯಾವ ತಂಗಿಗಾಗಿ ಕ್ಯಾಟ್ನಿಸ್ ಹೊರಟಳೋ ಆ ತಂಗಿಯೇ ಕೊನೆಗೆ ಬಾಂಬಿಗೆ ಬಲಿಯಾಗುತ್ತಾಳೆ. ಬಂಡಾಯದ ನಾಯಕಿಯು ರಾಜಧಾನಿಯ ಮಕ್ಕಳನ್ನೇ ಇಟ್ಟುಕೊಂಡು ಇನ್ನೊಂದು ಆಟ ನಡೆಸೋಣವೆಂದಾಗ, ಕ್ಯಾಟ್ನಿಸಳ ಬಾಣ ಆಕೆಯತ್ತಲೇ ತಿರುಗುತ್ತದೆ. ಸೇಡು ತೀರಿಸಿಕೊಂಡ ಸಂತೋಷವನ್ನು ಓದುಗರಿಗೆ ಕೊಡಲು ಲೇಖಕಿ ನಿರಾಕರಿಸಿದ್ದಾರೆ. ಕುರುಕ್ಷೇತ್ರದ ಬಳಿಕ ಧರ್ಮರಾಯನಿಗೆ ರಾಜ್ಯ ರುಚಿಸದೆ ಹೋದುದನ್ನು ಬಲ್ಲ ನಮಗೆ ಇದು ದೋಷವಾಗಿ ಕಾಣುವುದಿಲ್ಲ. ಬಾಲಿಕೆ ಈಗಲೂ ತನ್ನ ಪಟ್ಟು ಬಿಟ್ಟಿಲ್ಲ. ಬಿಡಬೇಕಾದ ಅಗತ್ಯವೂ ಇಲ್ಲ.

ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ಬಗ್ಗೆ ಆಕೆ ನಿಷ್ಠುರಳು. ಅಲ್ಲಿ ಷಿಕಾಗೋ ನಗರದ ಜನರು ನಿಸ್ವಾರ್ಥ, ಸೌಹಾರ್ದ, ಸತ್ಯ, ಧೈರ್ಯ, ಪಾಂಡಿತ್ಯ ಎಂಬ ಐದು ಗುಣಗಳಿಗೆ ಒಂದೊಂದರಂತೆ ಐದು ಪಂಗಡಗಳಾಗಿದ್ದಾರೆ. 16ನೆಯ ವಯಸ್ಸಿನಲ್ಲಿ ಪ್ರತಿಯೊಬ್ಬರೂ ಒಂದನ್ನು ಆರಿಸಿಕೊಳ್ಳಬೇಕು. ಧೈರ್ಯವಿಲ್ಲದೆ ಸತ್ಯ ಹೇಳುವುದು ಹೇಗೆ, ಮನುಷ್ಯನಿಗೆ ಒಂದೇ ಗುಣವಿರುವ ಊರು ಮೂರು ದಿನವಾದರೂ ನಡೆದೀತೇ ಎಂಬುದು ಆಕೆಯ ಪ್ರಶ್ನೆ. ಮೂರನೆಯ ಭಾಗದಲ್ಲಿ ಇದೆಲ್ಲದರ ಹಿಂದೆ ವಂಶವಾಹಿಗಳ ಪ್ರಯೋಗವಿತ್ತೆಂದು ತಿಳಿದುಬರುತ್ತದೆ. ಒಂದು ವಿಂಗಡಣೆಯನ್ನು ಒಡೆಯಲು ಇನ್ನೊಂದು ವಿಂಗಡಣೆಯನ್ನು ತಂದದ್ದು ಆಕೆಗೆ ಹಿಡಿಸಿಲ್ಲ. ಲೇಖಕಿ ಆ ಎರಡನೆಯದನ್ನೂ ಖಂಡಿಸುತ್ತಾರೆಂಬುದನ್ನು ಇಲ್ಲಿ ಸೇರಿಸಬೇಕು. ಆದರೂ ಕಟ್ಟಡ ದುರ್ಬಲವೆಂಬ ತೀರ್ಪು ನಿಲ್ಲುತ್ತದೆ. ಹಾಗಿದ್ದರೂ ಲಕ್ಷಾಂತರ ಎಳೆಯರು ಅದನ್ನು ಓದಿದ್ದೇಕೆ? ಹತ್ತನೆಯ ತರಗತಿ ಮುಗಿದೊಡನೆ ವಿಜ್ಞಾನವೋ ವಾಣಿಜ್ಯವೋ ಎಂದು ಕೇಳಿ, ಆಮೇಲೆ ಆ ಹಣೆಪಟ್ಟಿಯಿಂದಲೇ ಅವರನ್ನು ಗುರುತಿಸುವ ಹಿರಿಯರ ಲೋಕ ಆ ನಗರಕ್ಕಿಂತ ತುಂಬ ದೂರವಿಲ್ಲ. ಶಾಲೆಯಲ್ಲಿ ಆಯುಷ್ಯ ಕಳೆದ ನಮಗೆ ಇದು ಚೆನ್ನಾಗಿ ಗೊತ್ತು.

ಟಿಪ್ಪಣಿ ಪುಸ್ತಕದಲ್ಲಿ ಯಾವ ತಕರಾರೂ ಇಲ್ಲದ ಒಂದೇ ಕೃತಿ ಲೋಯಿಸ್ ಲೌರಿ ಅವರ ‘ದಿ ಗಿವರ್’. 1993ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ನ್ಯೂಬೆರಿ ಪದಕ ಪಡೆದ ಪುಟ್ಟ ಕಾದಂಬರಿ. ಅಲ್ಲಿಯ ಸಮುದಾಯದಲ್ಲಿ ಜಗಳವಿಲ್ಲ, ಹಸಿವಿಲ್ಲ. ಬಣ್ಣವೂ ಇಲ್ಲ, ಹಿಂದಿನ ನೆನಪೂ ಇಲ್ಲ. ಎಲ್ಲರ ನೆನಪುಗಳನ್ನೂ ಒಬ್ಬ ವೃದ್ಧನ ಮೇಲೆ ಹೇರಿ ಉಳಿದವರು ಹಾಯಾಗಿದ್ದಾರೆ. ಹನ್ನೆರಡರ ಬಾಲಕ ಜೋನಸ್ ಆ ವೃದ್ಧನ ಉತ್ತರಾಧಿಕಾರಿಯಾಗುತ್ತಾನೆ. ಒಂದು ಸಂಜೆ ಆತ ತಂದೆತಾಯಿಯರನ್ನು ನಿಮಗೆ ನನ್ನ ಮೇಲೆ ಪ್ರೀತಿಯಿದೆಯೇ ಎಂದು ಕೇಳುತ್ತಾನೆ. ಅವರು ನಗುತ್ತಾರೆ, ಆ ಶಬ್ದಕ್ಕೆ ಈಗ ಅರ್ಥವಿಲ್ಲ, ಬಳಕೆ ತಪ್ಪಿದೆ, ನಿಖರವಾದ ಪದವನ್ನು ಬಳಸು ಎಂದು ತಿದ್ದುತ್ತಾರೆ. ಶಬ್ದ ಹೋದ ಮನೆಯಲ್ಲಿ ಭಾವವೂ ಉಳಿದಿಲ್ಲ. ‘ಬಿಡುಗಡೆ’ ಎಂಬ ಸೌಮ್ಯವಾದ ಮಾತಿನ ಮರೆಯಲ್ಲಿ ಅಲ್ಲಿ ಎಳೆಗೂಸುಗಳನ್ನೂ ಕೊಲ್ಲುತ್ತಾರೆ. ಕೊನೆಯ ಪುಟದಲ್ಲಿ ಜೋನಸ್ ಬದುಕಿದನೋ ಇಲ್ಲವೋ ಸ್ಪಷ್ಟವಿಲ್ಲ. ಲೆಕ್ಕ ಕೇಳುವ ನಮ್ಮ ಓದುಗಾರ್ತಿ ಇದನ್ನು ಸಹಿಸಿದ್ದೇಕೆಂದು ಕೇಳಿದಾಗ, ಉತ್ತರ ಹೇಳದಿರುವುದು ಬೇರೆ, ಸುಳ್ಳು ಉತ್ತರ ಹೇಳುವುದು ಬೇರೆ ಎಂದಳು.

ಕನ್ನಡದ ಪುಸ್ತಕಗಳು ಈ ಟಿಪ್ಪಣಿಗಳಲ್ಲಿ ಏಕಿಲ್ಲವೆಂದು ವಿಚಾರಿಸಿದೆವು. ನಮ್ಮಲ್ಲಿ ಮಕ್ಕಳ ಕಥೆಗಳೆಲ್ಲ ಕೊನೆಯಲ್ಲಿ ಬುದ್ಧಿ ಹೇಳುತ್ತವೆ, ದೊಡ್ಡವರ ಕಾದಂಬರಿಗಳು ದೊಡ್ಡವರಿಗಾಗಿಯೇ ಇವೆ, ನಡುವೆ ತನಗೇನಿದೆ ಎಂದು ಆಕೆ ಮರುಪ್ರಶ್ನೆ ಹಾಕಿದಳು. ಇದು ಪೂರ್ತಿ ನಿಜವಲ್ಲ, ಆದರೆ ಬಹಳಷ್ಟು ನಿಜ. ಕುವೆಂಪು ಅವರ ಕಿಂದರಿಜೋಗಿಯಿಂದ ‘ಕಾನೂರು ಹೆಗ್ಗಡಿತಿ’ಗೆ ಏರುವ ಏಣಿಯಲ್ಲಿ ನಡುವಿನ ಮೆಟ್ಟಿಲುಗಳು ವಿರಳ. ಮುಳುಗಡೆಯ ನಾಡಿನ ನೋವನ್ನು ಎಳೆಯರಿಗೂ ಹೇಳಬಹುದೆಂದು ತೋರಿಸಿದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮುಂತಾದವು ಆ ವಿರಳ ಮೆಟ್ಟಿಲುಗಳು. ‘ಕರ್ವಾಲೊ’ವನ್ನು ಆಕೆಗೆ ಕೊಟ್ಟೆವು. ನಾಲ್ಕು ದಿನಗಳಲ್ಲಿ ಓದಿ ಮುಗಿಸಿದಳು. ಅಷ್ಟು ದೂರ ಹುಡುಕಿಕೊಂಡು ಹೋದವರ ಕೈಗೆ ಸಿಗದೆ ಹಾರುವ ಓತಿ ತೇಲಿಹೋದದ್ದು, ಯಾರೂ ಬುದ್ಧಿ ಹೇಳದೆ ಕಥೆ ನಿಂತದ್ದು ಆಕೆಗೆ ಬಹಳ ಹಿಡಿಸಿತು.

ಆದರೆ ಆ ಕೃತಿಯ ಮೇಲೆ ಕನ್ನಡದಲ್ಲಿ ಬರೆದ ಟಿಪ್ಪಣಿ ಆರೇ ಸಾಲು. ಇಂಗ್ಲಿಷಿನಲ್ಲಿ ಮೂರು ಪುಟ ಬರೆಯುವವಳಿಗೆ ಇಲ್ಲೇಕೆ ಕೈ ಕಟ್ಟಿತು? ಯೋಚನೆ ಇದೆ, ಶಬ್ದ ಬರುವುದಿಲ್ಲ ಎಂದಳು. ಈ ಮಾತನ್ನು ಸಂಘದ ಸದಸ್ಯರೆಲ್ಲರೂ ಗಮನವಿಟ್ಟು ಕೇಳಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಯಲ್ಲಿ ತುಳು, ಓದಿನಲ್ಲಿ ಇಂಗ್ಲಿಷ್ ಇರುವ ಈ ಜಿಲ್ಲೆಯಲ್ಲಿ ಕನ್ನಡವು ಊಟ, ಹಬ್ಬ, ಕ್ಷೇಮಸಮಾಚಾರಗಳಿಗೆ ಸೀಮಿತವಾಗಿ, ವಾದಿಸುವ ಭಾಷೆಯಾಗಿ ಉಳಿಯದೆ ಹೋಗುತ್ತಿದೆ. ಫಲಕದ ಮೇಲೆ ಅಕ್ಷರ ಉಳಿಸಲು ನಾವು ದಶಕಗಳಿಂದ ಹೋರಾಡಿದ್ದೇವೆ, ಅದು ಅಗತ್ಯವೇ. ಮಕ್ಕಳು ಯಾವ ಭಾಷೆಯಲ್ಲಿ ಭಿನ್ನಾಭಿಪ್ರಾಯ ಹೇಳುತ್ತಾರೆಂಬುದೂ ಅಷ್ಟೇ ಮುಖ್ಯ.

ಉಪಾಯ ನಮ್ಮ ಕೈಯಲ್ಲೇ ಇದೆ. ಪಾರ್ತಿಸುಬ್ಬನ ಕುಂಬಳೆ ಇಲ್ಲಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ವಾಲಿಯಾಗಿ ಕುಳಿತು ರಾಮನನ್ನು ಪ್ರಶ್ನಿಸಿದುದನ್ನು ಕೇಳುತ್ತ ಬೆಳಗು ಮಾಡಿದ ಜನ ನಾವು. ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಜನ ಬರುವುದು ವಾದಕ್ಕಾಗಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ಸಭೆಯಲ್ಲಿ ಕೇಳಬಹುದಾದರೆ, ಕ್ಯಾಟ್ನಿಸಳ ಬಾಣ ಸರಿಯೇ ಎಂದು ಕೇಳಲು ಅಡ್ಡಿಯೇನು? ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ಹದಿಹರೆಯದ ಓದುಗರಿಗೆ ಮೀಸಲಿಡಬೇಕು. ಪುಸ್ತಕ ಯಾವ ಭಾಷೆಯದ್ದಾದರೂ ಆಗಲಿ, ಮಾತು ಕನ್ನಡದಲ್ಲಿರಲಿ. ತಡವರಿಸಿದರೆ ನಗದೆ ಕಾಯೋಣ. ಹೆತ್ತವರು ಮಕ್ಕಳ ಕೈಯ ಪುಸ್ತಕವನ್ನು ಕಸಿಯುವ ಬದಲು ಒಮ್ಮೆ ಎರವಲು ಪಡೆದು ಓದಬೇಕು. ಸಂಘದ ವಾಚನಾಲಯದಲ್ಲಿ ಈ ವಯಸ್ಸಿನವರಿಗೆಂದೇ ಒಂದು ಕಪಾಟು ಬೇಕು, ಅದಕ್ಕೆ ಪುಸ್ತಕಗಳನ್ನು ಅವರೇ ಆರಿಸಬೇಕು. ನಮ್ಮ ಲೇಖಕರು ಬುದ್ಧಿವಾದವನ್ನು ಸ್ವಲ್ಪ ಬದಿಗಿಟ್ಟು, ಚಂದ್ರಗಿರಿ ಹೊಳೆಯ ದಡದಲ್ಲಿ ನಡೆಯುವ ಒಂದು ಅದ್ಭುತ ಕಥೆಯನ್ನು ಅವರಿಗಾಗಿ ಬರೆಯಬೇಕು.

ಆರು ಸಾಲು ಕಡಿಮೆಯೇನಲ್ಲ. ಅದರಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು, ಒಂದು ಒಳ್ಳೆಯ ವಿಚಾರವಿತ್ತು. ತಪ್ಪುಗಳನ್ನು ತಿದ್ದಲು ಸಮಯವಿದೆ. ಆ ವಿಚಾರವನ್ನು ಏಳನೆಯ ಸಾಲಿಗೆ, ಏಳನೆಯ ಪುಟಕ್ಕೆ ಬೆಳೆಸಲು ಆಕೆಗೆ ಬೇಕಾದುದು ಎದುರು ಕುಳಿತು ಕನ್ನಡದಲ್ಲಿ ವಾದಿಸುವ ಜನ. ಆ ಜನ ನಾವಾಗಬೇಕು.