ಆಡಲಾಗದ ಮಾತು

ದಂಬುಲ್ಲದ ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2014ರ ಆಗಸ್ಟ್ 30, ಶ್ರೀಲಂಕಾ–ಪಾಕಿಸ್ತಾನ ಏಕದಿನ ಸರಣಿಯ ಮೂರನೆಯ, ಕೊನೆಯ ಪಂದ್ಯ. ಪಾಕಿಸ್ತಾನ 102ಕ್ಕೆ ಆಲೌಟ್ ಆಗಿದೆ. ಶ್ರೀಲಂಕಾ 7 ವಿಕೆಟ್‌ಗಳಿಂದ ಗೆದ್ದು ಸರಣಿಯನ್ನು 2–1ರಿಂದ ತನ್ನದಾಗಿಸಿಕೊಂಡಿದೆ. ಔಟಾಗದೆ 50 ರನ್ ಹೊಡೆದ ತಿಲಕರತ್ನೆ ದಿಲ್ಶಾನ್ ಡ್ರೆಸಿಂಗ್ ರೂಮಿನ ಕಡೆ ನಡೆಯುತ್ತಿದ್ದಾರೆ. ಜೊತೆಯಲ್ಲಿ ಪಾಕಿಸ್ತಾನದ ಆರಂಭಿಕ ಬ್ಯಾಟರ್ ಅಹ್ಮದ್ ಶೆಹಜಾದ್. ಜಗಳವಿಲ್ಲ, ಕೂಗಾಟವಿಲ್ಲ. ಕೆಲಸ ಮುಗಿಸಿ ಮನೆಗೆ ಹೊರಟ ಇಬ್ಬರು ನೌಕರರ ಹಾಗೆ ಮಾತಾಡಿಕೊಂಡು ಹೋಗುತ್ತಿದ್ದಾರೆ. ಆ ಮಾತು ಟಿವಿ ಮೈಕಿಗೆ ಸಿಕ್ಕಿಬಿಡುತ್ತದೆ. ಮುಸ್ಲಿಮನಲ್ಲದವನು ಮುಸ್ಲಿಮನಾದರೆ, ಬದುಕಿನಲ್ಲಿ ಏನೇ ಮಾಡಿದರೂ ನೇರ ಸ್ವರ್ಗಕ್ಕೆ ಹೋಗುತ್ತಾನೆ ಎನ್ನುತ್ತಾರೆ ಶೆಹಜಾದ್. ದಿಲ್ಶಾನ್ ಏನೋ ಉತ್ತರ ಕೊಡುತ್ತಾರೆ. ಅದು ಕೇಳಿಸುವುದಿಲ್ಲ. ಆಮೇಲೆ ಶೆಹಜಾದ್ ಹೇಳುವುದು ಮಾತ್ರ ಸ್ಪಷ್ಟ: ಹಾಗಾದರೆ ಬೆಂಕಿಗೆ ಸಿದ್ಧನಾಗಿರು.

ಈ ಮಾತು ಬಿದ್ದದ್ದು ಯಾರ ಕಿವಿಗೆ ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ. ದಿಲ್ಶಾನ್ ಹುಟ್ಟಿದಾಗ ಇದ್ದ ಹೆಸರು ತುವಾನ್ ಮೊಹಮ್ಮದ್ ದಿಲ್ಶಾನ್. ತಂದೆ ಮಲಯ ಮುಸ್ಲಿಂ, ತಾಯಿ ಸಿಂಹಳ ಬೌದ್ಧೆ. ತಂದೆ–ತಾಯಿ ಬೇರೆಯಾದ ಮೇಲೆ, 1999ರಲ್ಲಿ, ಅವರು ತಮ್ಮ ಹೆಸರನ್ನು ತಿಲಕರತ್ನೆ ಮುದಿಯನ್ಸೇಲಾಗೆ ದಿಲ್ಶಾನ್ ಎಂದು ಬದಲಿಸಿಕೊಂಡರು. ಆ ವರ್ಷವೇ ಟೆಸ್ಟ್ ಆಡಲು ಆರಂಭಿಸಿದರು. ಎರಡು ಧರ್ಮಗಳ ನಡುವಿನ ಆ ಮನೆಯಲ್ಲಿ ಏನೇನು ನಡೆಯಿತು, ಯಾರು ಎಷ್ಟು ನೊಂದರು ಎಂಬುದು ಆ ಕುಟುಂಬಕ್ಕೆ ಮಾತ್ರ ಸೇರಿದ್ದು. ಒಬ್ಬ ಮನುಷ್ಯ ತನ್ನೊಳಗೇ ಇತ್ಯರ್ಥ ಮಾಡಿಕೊಂಡ ಆ ಸಂಗತಿಯನ್ನು, ಪಂದ್ಯ ಮುಗಿದ ಎರಡು ನಿಮಿಷಕ್ಕೆ, ಎದುರಾಳಿ ತಂಡದ ಆಟಗಾರನೊಬ್ಬ ಹುಲ್ಲಿನ ಮೇಲೆ ನಡೆಯುತ್ತಲೇ ಕೆದಕಿದ.

ದಿಲ್ಶಾನ್ ದೂರು ಕೊಡಲಿಲ್ಲ. ಅದು ನಮ್ಮಿಬ್ಬರ ಖಾಸಗಿ ಮಾತು, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದರು ಶೆಹಜಾದ್. ಆದರೂ ಪಾಕಿಸ್ತಾನ ಕ್ರಿಕೆಟ್ ಮಂಡಳಿ ತಾನಾಗಿ ವಿಚಾರಣೆ ನಡೆಸಿ ಅವರಿಗೆ ದಂಡ ಹಾಕಿತು. ಮಂಡಳಿ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಏಕೆ ಸರಿ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು. ಶೆಹಜಾದ್ ಬೈಯಲಿಲ್ಲವಲ್ಲ, ತನಗೆ ಒಳ್ಳೆಯದೆಂದು ಕಂಡದ್ದನ್ನು ಹೇಳಿದನಲ್ಲ ಎಂದು ಅಂದು ವಾದಿಸಿದ ಗೆಳೆಯರು ನನಗೂ ಇದ್ದರು.

ಕನ್ನಡದಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಕ್ರಿಕೆಟ್ ನೋಡುತ್ತ ವಯಸ್ಸಾದಂತೆ, ಮೈದಾನದ ಮಾತನ್ನು ಅಳೆಯಲು ಈ ಒಂದು ಪದ ಸಾಕು ಅನ್ನಿಸಿದೆ. ಬೌಲರ್ ಎಸೆದ ಚೆಂಡು ಎಷ್ಟೇ ಕಠಿಣವಾಗಿರಲಿ, ಬ್ಯಾಟರ್‌ಗೆ ಅದನ್ನು ಆಡುವ ಅವಕಾಶ ಇರಬೇಕು. ಮಾತೂ ಹಾಗೆಯೇ. ಕೆಣಕಿದವನಿಗೆ ಬ್ಯಾಟಿನಿಂದಲೋ ಚೆಂಡಿನಿಂದಲೋ ಉತ್ತರ ಕೊಡಲು ಬರುವಂತಿದ್ದರೆ ಆ ಮಾತು ಆಟದೊಳಗಿನದು. ಯಾವ ಹೊಡೆತದಿಂದಲೂ ಉತ್ತರಿಸಲಾಗದ ಮಾತು ಆಟದ ಹೊರಗಿನದು.

ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡಿ. 1996ರ ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ, ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಆಮೇರ್ ಸೊಹೇಲ್ ಕವರ್ಸ್ ಕಡೆ ಬೌಂಡರಿಗೆ ಅಟ್ಟಿದರು. ಬ್ಯಾಟನ್ನು ಅತ್ತ ಚಾಚಿ, ಮುಂದಿನದೂ ಅಲ್ಲಿಗೇ ಎಂಬಂತೆ ತೋರಿಸಿದರು. ಮುಂದಿನ ಚೆಂಡಿಗೆ ಮತ್ತೆ ಬೀಸಿದಾಗ ಆಫ್ ಸ್ಟಂಪ್ ಕಿತ್ತು ಬಿತ್ತು. ಪ್ರಸಾದ್ ಕೂಡ ಸುಮ್ಮನಿರಲಿಲ್ಲ. ಬಿಸಿ ಮಾತಾಡಿ ಪೆವಿಲಿಯನ್ ದಾರಿ ತೋರಿಸಿದರು. ಎರಡು ದೇಶಗಳ ನಡುವಿನ ಅಷ್ಟು ಕಾವಿನ ಆ ರಾತ್ರಿಯಲ್ಲೂ ಅವರಿಬ್ಬರ ಜಟಾಪಟಿ ಒಂದು ಬ್ಯಾಟು, ಒಂದು ಚೆಂಡು, ಒಂದು ಸ್ಟಂಪಿನ ಸುತ್ತಲೇ ನಡೆಯಿತು. ಸೊಹೇಲ್ ಎಸೆದ ಸವಾಲು ಪ್ರಸಾದ್ ಆಡಬಲ್ಲ ಸವಾಲಾಗಿತ್ತು. ಅದಕ್ಕೇ ಅದು ಇಂದಿಗೂ ಖುಷಿಯಿಂದ ಹೇಳಿಕೊಳ್ಳುವ ಕತೆಯಾಗಿ ಉಳಿದಿದೆ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು 2015ರ ಜುಲೈನ ಕಾರ್ಡಿಫ್ ಟೆಸ್ಟ್. ಆ್ಯಷಸ್ ಸರಣಿಯ ಆ ಮೊದಲ ಪಂದ್ಯದಲ್ಲಿ ಇಂಗ್ಲೆಂಡಿನ ಮೊಯಿನ್ ಅಲಿ 77 ರನ್ ಹೊಡೆದರು, ಒಟ್ಟು ಐದು ವಿಕೆಟ್ ಪಡೆದರು. ಆಸ್ಟ್ರೇಲಿಯಾದ ಆಟಗಾರನೊಬ್ಬ ಮೈದಾನದಲ್ಲಿ ತನ್ನನ್ನು ‘ಒಸಾಮಾ’ ಎಂದು ಕರೆದನೆಂದು ಮೊಯಿನ್ 2018ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಹೆಸರು ಹೇಳಲಿಲ್ಲ. ವಿಷಯ ಆಗಲೇ ಎದುರು ತಂಡದ ಕೋಚ್‌ವರೆಗೂ ಹೋಗಿ, ಆ ಆಟಗಾರ, ನಾನು ಹಾಗೆ ಅನ್ನಲಿಲ್ಲ, ‘ಪಾರ್ಟ್ ಟೈಮರ್’ ಎಂದೆ ಅಂದನಂತೆ. ಪುಸ್ತಕ ಬಂದ ಮೇಲೆ ಕ್ರಿಕೆಟ್ ಆಸ್ಟ್ರೇಲಿಯಾ ವಿಚಾರಿಸಿ, ಹೊಸ ಪುರಾವೆ ಇಲ್ಲವೆಂದು ಕಡತ ಮುಚ್ಚಿತು.

ಯಾರು ಸರಿ ಎಂದು ತೀರ್ಪು ಕೊಡಲು ನಾನು ಅಲ್ಲಿರಲಿಲ್ಲ. ಆದರೆ ಆ ಎರಡು ಪದಗಳನ್ನು ಎದುರುಬದುರು ಇಟ್ಟು ನೋಡಿ. ‘ಪಾರ್ಟ್ ಟೈಮರ್’ ಎಂದರೆ, ನೀನು ಪೂರ್ಣಾವಧಿ ಸ್ಪಿನ್ನರ್ ಅಲ್ಲ ಎಂಬ ಚುಚ್ಚು. ಮೊಯಿನ್ ಅದಕ್ಕೆ ವಿಕೆಟ್ ತೆಗೆದು ಉತ್ತರ ಕೊಡಬಹುದು, ಕೊಟ್ಟರು ಕೂಡ. ‘ಒಸಾಮಾ’ ಎಂಬುದಕ್ಕೆ ಎಷ್ಟು ವಿಕೆಟ್ ತೆಗೆದರೆ ಉತ್ತರವಾಗುತ್ತದೆ? ಐದಲ್ಲ, ಹತ್ತೂ ವಿಕೆಟ್ ಪಡೆದರೂ ಗಡ್ಡ ಅದೇ, ಹೆಸರು ಅದೇ, ನಂಬಿಕೆ ಅದೇ. ಅವನ್ನೇ ಗುರಿಮಾಡಿದ ಮಾತಿಗೆ ಸ್ಕೋರ್‌ಬೋರ್ಡಿನಲ್ಲಿ ಜಾಗವಿಲ್ಲ.

ಕೆಟ್ಟ ಉದ್ದೇಶವಿಲ್ಲದೆಯೂ ನೋವಾಗುತ್ತದೆ ಎಂಬುದಕ್ಕೆ 2007ರ ಸೆಪ್ಟೆಂಬರ್ 24ರ ಜೊಹಾನ್ಸ್‌ಬರ್ಗ್ ಸಾಕ್ಷಿ. ಮೊದಲ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಭಾರತ ಐದು ರನ್‌ಗಳಿಂದ ಗೆದ್ದಿತ್ತು. ಸೋತ ನಾಯಕ ಶೋಯಬ್ ಮಲಿಕ್ ರವಿ ಶಾಸ್ತ್ರಿಯವರ ಮೈಕಿನ ಮುಂದೆ ನಿಂತು, ಪಾಕಿಸ್ತಾನದ ಜನರ ಜೊತೆ ಜಗತ್ತಿನ ಮುಸ್ಲಿಮರನ್ನೂ ನೆನೆದು ಕೃತಜ್ಞತೆ ಹೇಳಿ, ಗೆಲ್ಲಲಾಗದ್ದಕ್ಕೆ ಕ್ಷಮೆ ಕೇಳಿದರು. ಸೋಲಿನ ದುಃಖದಲ್ಲಿ ಬಂದ ಮಾತು ಅದು, ಯಾರನ್ನೂ ಬೈದದ್ದಲ್ಲ. ಆದರೆ ಅಂದಿನ ಪಂದ್ಯಶ್ರೇಷ್ಠ ಯಾರು? ಇರ್ಫಾನ್ ಪಠಾಣ್. 16 ರನ್‌ಗೆ 3 ವಿಕೆಟ್, ಅದರಲ್ಲಿ ಒಂದು ಮಲಿಕ್ ಅವರದೇ. ವಡೋದರದ ಮಸೀದಿಯೊಂದರಲ್ಲಿ ಅಜಾನ್ ಕೂಗುತ್ತಿದ್ದವರ ಮಗ. ಭಾರತಕ್ಕಾಗಿ ಜೀವ ಪಣಕ್ಕಿಟ್ಟು ಆಡಿದ ಆ ಹುಡುಗ, ಪ್ರಶಸ್ತಿ ಪಡೆಯಲು ಬಂದ ಅದೇ ಅಂಗಳದಲ್ಲಿ, ಒಂದು ವಾಕ್ಯದ ಲೆಕ್ಕಕ್ಕೆ ಸೋತವರ ಪಾಲಾಗಿಬಿಟ್ಟ. ದೇಶದ ಹೆಸರಿನಲ್ಲಿ ಆಡಿದ ಆಟವನ್ನು ಧರ್ಮದ ಹೆಸರಿನಲ್ಲಿ ಮುಗಿಸಹೊರಟರೆ ಹೀಗೆಯೇ ಯಾರೋ ಒಬ್ಬ ಮನೆಯಿಲ್ಲದವನಾಗುತ್ತಾನೆ.

ಹಾಗೆಂದು ನಂಬಿಕೆಯನ್ನು ಗೇಟಿನ ಹೊರಗೆ ಚಪ್ಪಲಿಯಂತೆ ಬಿಟ್ಟು ಬನ್ನಿ ಎನ್ನುವವನು ನಾನಲ್ಲ. ಶತಕ ಹೊಡೆದ ಸಚಿನ್ ಆಕಾಶ ನೋಡುತ್ತಿದ್ದುದು, ಪಾಕಿಸ್ತಾನದ ಆಟಗಾರರು ಸಜ್ದಾ ಮಾಡುವುದು, ಹಾಶಿಂ ಆಮ್ಲಾ ಮದ್ಯದ ಲಾಂಛನವಿಲ್ಲದ ಅಂಗಿ ತೊಟ್ಟು ಆಡಿದ್ದು, ಇವೆಲ್ಲ ನನಗೆ ಆಟದಷ್ಟೇ ಆಪ್ತ. ಅದು ಆಟಗಾರನಿಗೂ ಅವನ ದೇವರಿಗೂ ನಡುವಿನ ಮಾತುಕತೆ. ಎದುರಾಳಿಯ ದೇವರ ಕಡೆ ಬೆರಳು ತಿರುಗಿದಾಗ ಅದರ ಗುಣವೇ ಬೇರೆಯಾಗುತ್ತದೆ.

ನಿಯಮ ಇಲ್ಲವೆಂದಲ್ಲ. ಐಸಿಸಿ ಸಂಹಿತೆ ಜನಾಂಗ, ಬಣ್ಣ, ರಾಷ್ಟ್ರೀಯತೆಗಳ ಜೊತೆ ಧರ್ಮವನ್ನೂ ಹೆಸರಿಸಿ, ಅವುಗಳ ಆಧಾರದ ಮೇಲೆ ಯಾರನ್ನೂ ಅವಮಾನಿಸಕೂಡದು ಎನ್ನುತ್ತದೆ. 2018ರ ಕೊನೆಯಲ್ಲಿ, ಚೆಂಡು ಡೆಡ್ ಆದ ಮೇಲೂ ಸ್ಟಂಪ್ ಮೈಕಿನ ಧ್ವನಿಯನ್ನು ಬಿತ್ತರಿಸಲು ಅವಕಾಶವಾಯಿತು. ಮರುವರ್ಷದ ಜನವರಿಯಲ್ಲೇ ಡರ್ಬನ್‌ನಲ್ಲಿ ಅದು ಕೆಲಸ ಮಾಡಿತು. ದಕ್ಷಿಣ ಆಫ್ರಿಕಾದ ಆಂಡಿಲೆ ಫೆಲುಕ್ವಾಯೊ 4 ವಿಕೆಟ್ ಪಡೆದು, 69 ರನ್ ಹೊಡೆದು ಪಂದ್ಯ ಕಸಿಯುತ್ತಿದ್ದಾಗ, ವಿಕೆಟ್ ಹಿಂದಿದ್ದ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ಉರ್ದುವಿನಲ್ಲಿ ಅವರ ಕಪ್ಪು ಬಣ್ಣವನ್ನು ಆಡಿಕೊಂಡರು. ನಿನ್ನಮ್ಮ ಎಲ್ಲಿ ಕೂತಿದ್ದಾಳೆ, ಅವಳಿಂದ ಏನು ಪ್ರಾರ್ಥನೆ ಓದಿಸಿಕೊಂಡು ಬಂದಿದ್ದೀಯ ಎಂದರು. ಬಣ್ಣ, ತಾಯಿ, ಪ್ರಾರ್ಥನೆ, ಮೂರನ್ನೂ ಒಂದೇ ಉಸಿರಿಗೆ ಎಳೆದರು. ಉರ್ದು ತಿಳಿಯದ ಆ ಹುಡುಗ ಆಗ ಮರುಮಾತಾಡುವಂತೆಯೂ ಇರಲಿಲ್ಲ. ಸರ್ಫರಾಜ್‌ಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು. ಅದಕ್ಕೆ ಮೊದಲೇ ಅವರು ಫೆಲುಕ್ವಾಯೊ ಬಳಿಗೆ ಹೋಗಿ ಕ್ಷಮೆ ಕೇಳಿದರು, ಅವರು ಒಪ್ಪಿ ಕೈಕುಲುಕಿದರು. ಶಿಕ್ಷೆಗಿಂತ ಆ ಕೈಕುಲುಕು ನನಗೆ ದೊಡ್ಡದಾಗಿ ಕಾಣುತ್ತದೆ.

ಈವರೆಗಿನ ಉದಾಹರಣೆಗಳಲ್ಲಿ ಹೆಚ್ಚಿನವು ನೆರೆಯವರದು. ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 2023ರ ಅಕ್ಟೋಬರ್ 14ರಂದು ಅಹಮದಾಬಾದ್‌ನಲ್ಲಿ, ಬೂಮ್ರಾ ಚೆಂಡಿಗೆ ಬೌಲ್ಡ್ ಆಗಿ 49ಕ್ಕೆ ಹಿಂತಿರುಗುತ್ತಿದ್ದ ಪಾಕಿಸ್ತಾನದ ಮೊಹಮ್ಮದ್ ರಿಜ್ವಾನ್ ಮೇಲೆ ಗ್ಯಾಲರಿಯಿಂದ ‘ಜೈ ಶ್ರೀರಾಮ್’ ಕೂಗು ಬಿತ್ತು. ಭಕ್ತಿಯಿಂದ ಹೇಳಬೇಕಾದ ಹೆಸರನ್ನು ಕಲ್ಲಿನಂತೆ ಎಸೆದರೆ ಅದು ರಾಮನಿಗೂ ಗೌರವವಲ್ಲ, ಆಟಕ್ಕೂ ಅಲ್ಲ. 2021ರಲ್ಲಿ ನಮ್ಮ ತಂಡ ಪಾಕಿಸ್ತಾನದ ಎದುರು ಸೋತಾಗ ನಮ್ಮವರೇ ಬೌಲರ್ ಮೊಹಮ್ಮದ್ ಶಮಿಯ ಧರ್ಮ ಕೆದಕಿದರು. ಧರ್ಮದ ಕಾರಣಕ್ಕೆ ಒಬ್ಬನ ಮೇಲೆ ಬೀಳುವುದಕ್ಕಿಂತ ಹೀನಾಯವಾದದ್ದಿಲ್ಲ ಎಂದು ಅಂದಿನ ನಾಯಕ ಕೊಹ್ಲಿ ನೇರವಾಗಿ ಹೇಳಬೇಕಾಯಿತು.

ನಾಯಕನೊಬ್ಬ ಮಾತೇ ಇಲ್ಲದೆಯೂ ಇದನ್ನು ಹೇಳಬಹುದು. 2022ರ ಜನವರಿ, ಹೋಬಾರ್ಟ್. ಆಸ್ಟ್ರೇಲಿಯಾ ಆ್ಯಷಸ್ ಅನ್ನು 4–0ಯಿಂದ ಗೆದ್ದು ವೇದಿಕೆಯಲ್ಲಿ ಶಾಂಪೇನ್ ಚಿಮ್ಮಿಸುತ್ತಿದೆ. ಮದ್ಯ ಮುಟ್ಟದ ಮುಸ್ಲಿಂ ಆಟಗಾರ ಉಸ್ಮಾನ್ ಖವಾಜಾ ದೂರ ಸರಿದು ನಿಂತದ್ದು ನಾಯಕ ಪ್ಯಾಟ್ ಕಮಿನ್ಸ್ ಕಣ್ಣಿಗೆ ಬೀಳುತ್ತದೆ. ಬಾಟಲಿ ಕೆಳಗಿಡುವಂತೆ ತಂಡಕ್ಕೆ ಸನ್ನೆ ಮಾಡಿ ಅವರನ್ನು ಕರೆಯುತ್ತಾರೆ. ಖವಾಜಾ ಓಡಿಬಂದು ಫೋಟೊದಲ್ಲಿ ಸೇರಿಕೊಳ್ಳುತ್ತಾರೆ. ಯಾರೂ ಯಾರ ನಂಬಿಕೆಯ ಬಗ್ಗೆಯೂ ಭಾಷಣ ಮಾಡಲಿಲ್ಲ.

ದಂಬುಲ್ಲದ ತುಣುಕನ್ನು ಈ ಅಂಕಣಕ್ಕಾಗಿ ಮತ್ತೊಮ್ಮೆ ಹಾಕಿ ನೋಡಿದೆ. ಧ್ವನಿ ಎಷ್ಟೇ ಏರಿಸಿದರೂ ದಿಲ್ಶಾನ್ ಹೇಳಿದ್ದು ಕೇಳಿಸುವುದಿಲ್ಲ. ಮೊದಲೆಲ್ಲ ಅದೇನೆಂದು ತಿಳಿಯುವ ಕುತೂಹಲವಿತ್ತು. ಈಗ ಇಲ್ಲ. ವಿಕೆಟ್ ಕೀಪರನ ತಲೆಯ ಮೇಲಿಂದ ಚೆಂಡನ್ನು ಎತ್ತಿಹಾಕುವ ಹೊಸ ಹೊಡೆತವನ್ನೇ ಕಂಡುಹಿಡಿದು ಕೊಟ್ಟ ಬ್ಯಾಟರ್ ಆತ. ಅಂದು ತನಗೆ ಬಂದದ್ದನ್ನೆಲ್ಲ ಆಡಿ ಮುಗಿಸಿ, 50 ರನ್ ಗಳಿಸಿ, ಬ್ಯಾಟು ಕಂಕುಳಲ್ಲಿಟ್ಟು ಹೊರಟಿದ್ದರು. ಅವರು ಕೊಡಬೇಕಾಗಿದ್ದ ಉತ್ತರಗಳೆಲ್ಲ ಸ್ಕೋರ್‌ಬೋರ್ಡಿನಲ್ಲಿ ಆಗಲೇ ಇದ್ದವು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ಕೇಳುವ ಹಕ್ಕು ಎದುರಾಳಿಗೂ ಇರಲಿಲ್ಲ, ನನಗೂ ಇಲ್ಲ.